ತಿರುವಿನಲ್ಲಿ ನಿಂತ ನಾಲ್ಕನೆಯ ಲಾರಿ

ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಕೂತು ನಾನು ಸೇನಾ ಲಾರಿಗಳನ್ನು ಓಡಿಸುತ್ತೇನೆ, ಕಂಪ್ಯೂಟರಿನಲ್ಲಿ. ಬೇರೆ ದೇಶಗಳಿಗೆ ಶಾಂತಿ ಕಾಯಲು ಹೋಗುವ ಪಡೆಗಳು ತಮ್ಮ ವಾಹನಗಳ ಸಾಲು ಯಾವ ದಾರಿಯಲ್ಲಿ, ಎಷ್ಟು ಅಂತರದಲ್ಲಿ ಸಾಗಬೇಕೆಂದು ಮೊದಲೇ ನೋಡಿಕೊಳ್ಳುವ ಸಾಫ್ಟ್‌ವೇರ್ ನಮ್ಮದು. ಒಮ್ಮೆ ಪಡೆ ಹೋಗಬೇಕಿದ್ದ ದೇಶದ ನಕ್ಷೆ ಬರುವುದು ತಡವಾಯಿತು. ಪರೀಕ್ಷೆಗೆಂದು ಗೊತ್ತಿದ್ದ ದಾರಿಯನ್ನೇ ಹಾಕಿದೆ: ರಾಣೆಬೆನ್ನೂರಿನಿಂದ ಬ್ಯಾಡಗಿ ಹಾದು ಹಾವೇರಿಗೆ.

ಬ್ಯಾಡಗಿ ಇನ್ನೂ ಸ್ವಲ್ಪ ದೂರವಿರುವಾಗ, ಒಂದು ತಿರುವಿನಲ್ಲಿ ನಾಲ್ಕನೆಯ ಲಾರಿ ನಿಂತಿತು. ಹಿಂದಿನವೂ ನಿಂತವು. ನಾನು ಅಲ್ಲಿ ಯಾವ ಅಡ್ಡಿಯನ್ನೂ ಇಟ್ಟಿರಲಿಲ್ಲ. ಮತ್ತೆ ಓಡಿಸಿದೆ. ಅಲ್ಲೇ, ಅದೇ ಲಾರಿ.

ನನ್ನ ಗಂಡ ಸೇನೆಯಲ್ಲಿ ಲಾರಿ ಓಡಿಸಿದವರು; ಇಂಥದೇ ಪಡೆಯ ಜೊತೆ ಆಫ್ರಿಕಾಕ್ಕೂ ಹೋಗಿಬಂದವರು. ಅಲ್ಲಿಯ ಮಾತನ್ನು ಎಂದೂ ಎತ್ತಿರಲಿಲ್ಲ. ಅವತ್ತು ನನ್ನ ಬೆನ್ನ ಹಿಂದೆ ನಿಂತು ಪರದೆಯನ್ನೇ ನೋಡಿದರು.

"ಹುಡುಗ್ರು ಎಲ್ಲಿ?"

"ಯಾವ ಹುಡುಗ್ರುರೀ?"

"ಗಾಡಿ ಕಂಡಕೂಡ್ಲೆ ಓಡಿಬಂದು ಕೈ ಬೀಸ್ತಾರಲ್ಲ, ಅವ್ರು. ಆಫ್ರಿಕಾದಾಗ ಒಂದಿನ ಇಂಥಾದೊಂದು ತಿರುವಿನ್ಯಾಗ ಒಬ್ಬರೂ ಇರಲಿಲ್ಲ. ಒಲಿ ಉರಿಯಾಕತ್ತಿತ್ತು, ಮಂದಿ ಇಲ್ಲ. ನಾ ನಾಲ್ಕನೇ ಗಾಡ್ಯಾಗಿದ್ದೆ. ಯಾಕೋ ಕಾಲು ಬ್ರೇಕ್ ಬಿಡಲೇ ಇಲ್ಲ." ಪರದೆಯ ಮೇಲೆ ಮುಂದಿನ ಲಾರಿಗಳನ್ನು ಬೆರಳಿಟ್ಟು ತೋರಿಸಿದರು: "ಮುಂದಿನ ಮೂರೂ ಗಾಡಿ ತಿರುವು ದಾಟಿದ್ವು. ಬಂದೂಕು ಹಿಡಿದವ್ರು ಹೊಂಚು ಹಾಕಿ ಕುಂತಿದ್ರು. ಒಂದೂ ವಾಪಸ್ ಬರಲಿಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗಿದು ಗೊತ್ತಿರಲಿಲ್ಲ.

"ನಡಿ, ಆ ತಿರುವು ನೋಡಿ ಬರೂಣು," ಎಂದರು. ಮಧ್ಯಾಹ್ನವೇ ಕಾರಿನಲ್ಲಿ ಹೊರಟೆವು. ತಿರುವಿನ ಹೊಲದಂಚಿಗೆ ತಾಡಪತ್ರಿಯ ಮೇಲೆ ಮೆಣಸಿನಕಾಯಿ ಒಣಹಾಕಿದ್ದರು. ಪಕ್ಕದಲ್ಲಿ ಬಿಚ್ಚಿಟ್ಟ ಬುತ್ತಿ. ಮಂದಿ ಮಾತ್ರ ಇಲ್ಲ. ಹಕ್ಕಿಯ ಸದ್ದೂ ಇಲ್ಲ. ಕಾರು ನಿಂತಿತು.

"ಇಳೀಬ್ಯಾಡ," ಎಂದು ಅವರು ಕಿಟಕಿಯಿಂದ ಕೈ ಹೊರಹಾಕಿ, ಹಿಂದೆ ಇಲ್ಲದ ಲಾರಿಗಳಿಗೆ ನಿಲ್ಲುವಂತೆ ಸನ್ನೆ ಮಾಡಿದರು.

ನಾನು ತಿರುಗಿ ನೋಡಲಿಲ್ಲ. ಧೈರ್ಯವಾಗಲಿಲ್ಲ.

ಕೊನೆಗೆ ಹೊಲದಾಚೆಯಿಂದ ಹೆಂಗಸರು ನೀರಿನ ಕೊಡ ಹೊತ್ತು ಬಂದರು. "ಯಾಕ್ರಿ ಅಣ್ಣಾರ, ಗಾಡಿ ಕೆಟ್ಟೈತೇನ್ರಿ?" ಎಂದು ಒಬ್ಬಾಕೆ ಕೇಳಿದಳು. ನನ್ನ ಗಂಡ ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟರು.

ಆ ಲಾರಿ ಏಕೆ ನಿಂತಿತೆಂದು ನಾನೂ ಜೊತೆಗೆ ಕೆಲಸ ಮಾಡುವವರೂ ಹುಡುಕಿದೆವು, ತಪ್ಪು ಸಿಗಲಿಲ್ಲ. ರಸ್ತೆ ಬದಿಯಲ್ಲಿ ಜನ ಕಾಣದಿದ್ದರೆ ಇಡೀ ಸಾಲೇ ನಿಲ್ಲಬೇಕೆಂಬ ನಿಯಮ ಸೇರಿಸಿದೆ. ಆ ನಿಯಮ ಸಾಫ್ಟ್‌ವೇರಿನಲ್ಲಿ ಉಳಿಯಿತು. ಈಗ ನಾನು ಲಾರಿಗಳನ್ನು ಓಡಿಸುವಾಗ ನನ್ನ ಗಂಡ ಪಕ್ಕದಲ್ಲಿ ಕೂರುತ್ತಾರೆ. ಮುಂದಿನ ಮೂರನ್ನು ನೋಡುತ್ತ, ಅಂದು ವಾಪಸ್ ಬಾರದ, ನಾನು ಕಂಡಿರದ ಗೆಳೆಯರ ಹೆಸರು ಹಿಡಿದು, "ಸಾವಕಾಶ ಹೋಗ್ರಪಾ," ಎನ್ನುತ್ತಾರೆ.