ಅತ್ತೆಯ ಕೋಳಿಗಳ ಪರೀಕ್ಷೆ

ನನ್ನ ಸೋದರತ್ತೆ ಭಾತಂಬ್ರಾ ಎಂಬ ಹಳ್ಳಿಯಲ್ಲಿದ್ದಾಳೆ. ನನ್ನನ್ನು ತನ್ನ ಮನೆಯಲ್ಲಿಟ್ಟುಕೊಂಡು ಭಾಲ್ಕಿಯ ಕಾಲೇಜಿಗೆ ಕಳಿಸಿ ಓದಿಸಿದವಳು ಆಕೆಯೇ. ಬಸ್ಸಿಗೆ ಓಡುವಾಗ ತನ್ನ ಜವಾರಿ ಕೋಳಿಗಳ ಮೊಟ್ಟೆ ಬೇಯಿಸಿ, ಸುಲಿದು ಕೈಗಿಡುತ್ತಿದ್ದಳು. ಮುಂದೆ ಬೀದರಿನ ಪಶುರೋಗ ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಿಕ್ಕಿತು.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಆಕೆಯ ಫೋನ್ ಬಂತು.

"ಕೋಳಿ ಸಾಯ್ಲಕತ್ತಾವ ನೋಡವ್ವ. ಕುತ್ತಿಗಿ ತಿರುವಿ ಬೀಳ್ತಾವ. ತೊಡಿ ಮ್ಯಾಲ ಹಾಕ್ಕೊಂಡು ನೀರು ಕುಡಿಸಿದೆ, ಉಳೀಲಿಲ್ಲ."

"ನಿನ್ನ ದನಿ ಯಾಕ ಹಂಗ ಅದ ಅತ್ತಿ?"

"ಜರಾ ಜ್ವರ, ಕೆಮ್ಮು. ನನ್ನ ಚಿಂತಿ ಬಿಡು."

ಇದು ಹಕ್ಕಿಜ್ವರವಿರಬಹುದೆ ಎಂದುಕೊಂಡೆ. ಹಕ್ಕಿಜ್ವರ ಕೋಳಿಯಿಂದ ಮನುಷ್ಯರಿಗೂ ಹತ್ತಬಹುದು. ಕೋಳಿಗಳನ್ನು ಮುಟ್ಟಬೇಡವೆಂದು ಆಕೆಗೆ ಹೇಳಿ, ಔರಾದಿನಲ್ಲಿರುವ ಆಕೆಯ ಮಗಳಿಗೆ ಫೋನ್ ಮಾಡಿದೆ. ಅವಳು ಬಂದು ಅತ್ತೆಯನ್ನು ಭಾಲ್ಕಿಯ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿ ಆಕೆಯನ್ನು ಬೇರೆ ಕೋಣೆಯಲ್ಲಿಟ್ಟರು. ಕೋಳಿಗಳ ಮಾದರಿಯನ್ನು ಪಶುವೈದ್ಯರು ಮಧ್ಯಾಹ್ನ ನಮ್ಮಲ್ಲಿಗೆ ತಂದರು.

ಹಕ್ಕಿಜ್ವರದ ವೈರಸ್ಸಿನ ಮೈಮೇಲೆ ಮುಳ್ಳಿನಂತೆ ಚಾಚಿಕೊಂಡ ಒಂದು ಪ್ರೋಟೀನ್ ಇದೆ. ಅದನ್ನಷ್ಟೇ ಗುರುತಿಸಿ ಹಿಡಿಯುವ ಪ್ರತಿಕಾಯ ನಮ್ಮ ಫ್ರಿಜ್ಜಿನ ಪುಟ್ಟ ಶೀಶೆಯಲ್ಲಿರುತ್ತದೆ. ಪರೀಕ್ಷೆಯ ಪ್ಲೇಟಿನ ಸಣ್ಣ ಗುಂಡಿಗಳಲ್ಲಿ ಮಾದರಿ ಹಾಕಿದಾಗ ಅದು ವೈರಸ್ಸನ್ನು ಹಿಡಿದರೆ ಕೊನೆಗೆ ಬಣ್ಣ ಬರುತ್ತದೆ, ಇಲ್ಲದಿದ್ದರೆ ಇಲ್ಲ.

ಮಾದರಿ ಯಾರ ಮನೆಯ ಕೋಳಿಗಳದೆಂದು ತಿಳಿದ ಪ್ರಯೋಗಾಲಯದ ಹಿರಿಯ ಮೇಡಂ, "ನಾ ಮಾಡ್ಲೇನು?" ಎಂದರು.

"ನಾನೇ ಮಾಡ್ತೇನ್ರಿ. ನೀವು ಬಾಜೂಕ ಇರ್ರಿ."

ತಾಳೆ ನೋಡಲು ಸತ್ತ ವೈರಸ್ಸು ಹಾಕಿಟ್ಟ ಗುಂಡಿಗಳು ಹಳದಿಯಾದವು. ಅತ್ತೆಯ ಕೋಳಿಗಳವು ನೀರಿನಂತೆಯೇ ಉಳಿದವು. ಮೇಡಂ ಇನ್ನೊಮ್ಮೆ ಮಾಡಿಸಿದರು. ಆಗಲೂ ಬಣ್ಣ ಬರಲಿಲ್ಲ. ನಾನು ಸ್ಟೂಲಿನ ಮೇಲೆ ಕುಳಿತು ಅತ್ತುಬಿಟ್ಟೆ. ದೊಡ್ಡ ಪ್ರಯೋಗಾಲಯದ ವರದಿಯೂ ಹಕ್ಕಿಜ್ವರವಲ್ಲ ಎಂದಿತು; ಕೋಳಿಗಳಿಗೆ ಬಂದದ್ದು ಮನುಷ್ಯರ ಜೀವಕ್ಕೆ ಅಪಾಯವಿಲ್ಲದ ಕೊಕ್ಕರೆ ರೋಗ. ಅತ್ತೆಯದು ಮಾಮೂಲಿ ಜ್ವರ.

ಗುಣವಾದ ಮೇಲೆ ಆಕೆ ಬೀದರಿಗೆ ಬಂದಳು. ಪರೀಕ್ಷೆಯ ಕತೆಯನ್ನೆಲ್ಲ ನನ್ನಿಂದ ಕೇಳಿ, ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ, "ಆ ಶೀಶೆದಾಗಿಂದು ಎದರಿಂದ ಮಾಡ್ತಾರ?" ಎಂದು ಕೇಳಿದಳು.

"ಮೊಲದ ರಕ್ತದಿಂದ, ಅತ್ತಿ. ಆ ಮುಳ್ಳಿನ ಪ್ರೋಟೀನು ಮೊಲಕ್ಕ ಚುಚ್ಚತಾರ. ಅದರ ಮೈ ಇದನ್ನ ತಯಾರ ಮಾಡ್ತದ."

"ಮೊಲ ಉಳೀತದೇನು?"

ಉಳಿಯುತ್ತದೆ ಅನ್ನಬಹುದಿತ್ತು. ಆಕೆಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಭಾಳ ಸಲ ಉಳಿಯಂಗಿಲ್ಲ" ಎಂದೆ.

ಅತ್ತೆಯ ಕೈ ಹಿಟ್ಟಿನ ಮೇಲೆ ನಿಂತಿತು. "ಪಾಪ ಅದು," ಎಂದಳು ಸಣ್ಣ ದನಿಯಲ್ಲಿ. ಆಮೇಲೆ ಬಿಸಿ ರೊಟ್ಟಿ ಮುರಿದು, ಬೆಣ್ಣೆ ಸವರಿ, ಮೊದಲ ತುತ್ತನ್ನು ನನ್ನ ಬಾಯಿಗಿಟ್ಟಳು.

ಬೇಸಿಗೆಗೆ ಮುಂಚೆ ಅತ್ತೆಯ ಮಗಳು ಔರಾದಿನಿಂದ ಹೊಸ ಕೋಳಿಮರಿಗಳನ್ನು ಕಳಿಸಿಕೊಟ್ಟಳು. ಕೊಕ್ಕರೆ ರೋಗದ ಲಸಿಕೆ ಹಾಕಲು ನಾನೇ ಭಾತಂಬ್ರಾಕ್ಕೆ ಹೋದೆ. ಅತ್ತೆ ಒಂದೊಂದೇ ಮರಿಯನ್ನು ಎರಡೂ ಅಂಗೈಯೊಳಗೆ ಹಿಡಿದು ನನ್ನ ಮುಂದೆ ಚಾಚಿದಳು. ನಾನು ಅದರ ಕಣ್ಣಿಗೆ ಲಸಿಕೆಯ ಹನಿ ಬಿಡುತ್ತ ಹೋದೆ.

"ಸಾವಕಾಶ ಹಾಕವ್ವ," ಅಂದಳು. "ಕಣ್ಣು ಅದ ಅದು."