ಬ್ರಾಕೆಟ್ಟಿನ ಜೊತೆ ಹೋದ ಮದುಮಗ

ಮೊನ್ನೆ ನನ್ನ ಮಗಳ ಮದುವೆಗೆ ವರನಿಲ್ಲದೆಯೇ ಊರಿಗೆಲ್ಲ ಕರೆ ಹೋಯಿತು. ನಮ್ಮ ಕಡೆಯ ನೆಂಟರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ನಮ್ಮ ಪುತ್ತೂರು ಕಡೆಯ ಆಮಂತ್ರಣ ನೋಡಿದ್ದೀರಲ್ಲ? ಹೆಸರು ಬಂದರೆ ಹಿಂದೆಯೇ ಬ್ರಾಕೆಟ್. ಮನೆಯ ಹೆಸರು, ಯಾರ ಮೊಮ್ಮಗ, ಯಾರ ಅಳಿಯ, ಎಲ್ಲ ಅದರೊಳಗೆ. ವಾಟ್ಸಾಪಿಗೆಂದು ನಾನು ಬರೆದದ್ದೂ ಹಾಗೆಯೇ. "ಓದುವವರಿಗೆ ಉಸಿರು ಕಟ್ತದೆ ಅಪ್ಪ, ಬ್ರಾಕೆಟೆಲ್ಲ ತೆಗೀರಿ" ಎಂದಳು ಮಗಳು ಚೈತ್ರಾ.

ಸುಳ್ಯದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ತಮ್ಮ ಗಣೇಶನಿಗೆ ಕಳಿಸಿದೆ. "ಒಂದೊಂದೇ ಅಳಿಸುದು ಎಂತಕ್ಕೆ ಅಣ್ಣ? ರೆಗ್ಯುಲರ್ ಎಕ್ಸ್‌ಪ್ರೆಶನ್ ಉಂಟಲ್ಲ" ಎಂದ. ಬ್ರಾಕೆಟ್ ತೆರೆದಲ್ಲಿಂದ ಮುಚ್ಚುವವರೆಗೆ ಏನಿದ್ದರೂ ಅಳಿಸು ಎಂದು ಕಂಪ್ಯೂಟರಿಗೆ ಒಂದೇ ಆದೇಶ. ಅದು ಅಳಿಸಿತು. ಅವನು ನೋಡದೆ ನನಗೆ ಕಳಿಸಿದ, ನಾನು ನೋಡದೆ ಊರಿಗೆ ಕಳಿಸಿದೆ.

ಉಳಿದದ್ದು ಇಷ್ಟು: "ನಮ್ಮ ಮಗಳು ಚೈತ್ರಾ. ಭಾನುವಾರ, ಪುತ್ತೂರಿನ ಹಾಲ್. ಊಟ ಹನ್ನೆರಡೂವರೆಗೆ."

"ಖಂಡಿತ ಬರ್ತೇವೆ" ಎಂದು ಉತ್ತರಗಳು ಸುರಿದವು. ಜಾಲ್ಸೂರಿನ ಭಾವ "ಹೋಳಿಗೆ ಉಂಟಾ?" ಎಂದು ಕೇಳಿದರು. ಅಲ್ಲ ಸ್ವಾಮಿ, ಕಾರ್ಯಕ್ರಮ ಎಂಥದ್ದು ಎಂದು ಒಬ್ಬರಾದರೂ ಕೇಳಬೇಡವೇ?

ಕೇಳಿದವರು ಈಶ್ವರಮಂಗಲದಿಂದ, ವರನ ತಾಯಿ. "ನಮ್ಮ ಸುಧೀರ ಎಲ್ಲಿ ಮಾರಾಯ್ರೆ? ಸಂಬಂಧ ಬೇಡ ಅಂತಾದ್ರೆ ಬಾಯಿ ಬಿಟ್ಟು ಹೇಳಿ. ನಾವು ಹಾಲಿಗೆ ಬರುದಾ, ಬೇಡ್ವಾ?" ಕಳಿಸಿದ್ದನ್ನು ನಾನು ಓದಿದ್ದು ಆಗಲೇ. ಚೈತ್ರಾ ಅಳಲು ಶುರುಮಾಡಿದಳು.

"ಅದು ಗ್ರೀಡಿ ಅಣ್ಣ, ಆಸೆಬುರುಕ" ಎಂದ ಗಣೇಶ, ಫೋನಿನಲ್ಲಿ. ಮೊದಲ ಬ್ರಾಕೆಟ್ ತೆರೆದದ್ದು ಚೈತ್ರಾಳ ಪಕ್ಕ. ಕಂಪ್ಯೂಟರು ಅದು ಮುಚ್ಚಿದಲ್ಲಿ ನಿಲ್ಲಲಿಲ್ಲ. ಕಟ್ಟಕಡೆಗೆ "ಉಡುಗೊರೆ ಬೇಡ" ಎಂಬ ಬ್ರಾಕೆಟ್ ಮುಚ್ಚುವವರೆಗೆ ನುಂಗುತ್ತಲೇ ಹೋಯಿತು. ನಡುವೆ ಪಾಪ ವರ, ಅವನ ಅಪ್ಪ ಅಮ್ಮ, ಮದುವೆ ಎಂಬ ಶಬ್ದ! ಬಫೆಯಲ್ಲಿ ತಟ್ಟೆ ಹಿಡಿದವರು ಮೊದಲ ಪಲ್ಯಕ್ಕೇ ನಿಲ್ಲುತ್ತಾರೆಯೇ?

ಮದ್ದು? ಆದೇಶದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಆಗ ಅದು ಲೇಜಿ ಆಗುತ್ತದಂತೆ. ಮೊದಲು ಮುಚ್ಚಿದಲ್ಲೇ ನಿಲ್ಲುತ್ತದೆ, ಮುಂದಿನ ಬ್ರಾಕೆಟಿಗೆ ಹೊಸದಾಗಿ ಶುರು. ಸೋಮಾರಿತನದಿಂದ ಒಂದು ಮದುವೆ ಉಳಿದದ್ದು ನಮ್ಮ ಮನೆತನದಲ್ಲಿ ಇದೇ ಮೊದಲು. (ಈ ಅಂಕಣವನ್ನು ಗಣೇಶನಿಗೆ ತೋರಿಸಿಲ್ಲ. ಬ್ರಾಕೆಟ್ ತೆಗೆದರೆ ನನ್ನಲ್ಲಿ ಉಳಿಯುವುದೇನು?)

ತಿದ್ದಿದ ಕರೆ ಹೋಯಿತು. "ಈಗ ಸಮ ಆಯ್ತು" ಎಂದರು ವರನ ತಾಯಿ. ಜಾಲ್ಸೂರಿನ ಭಾವ ಮಾತ್ರ ಫೋನ್ ಮಾಡಿದರು: "ಎಂತ ಬದಲಾಯ್ತು ಮಾರಾಯ? ಊಟ ಹನ್ನೆರಡೂವರೆಗೇ ಅಲ್ವಾ?"

ವರನಿಲ್ಲದಿದ್ದರೂ ಜನ ಬರುತ್ತಾರೆ. ಕಂಪ್ಯೂಟರು ಊಟವನ್ನು ನುಂಗಿದ್ದರೆ?