ನಾಗರತ್ನ ಬರೆದುಕೊಟ್ಟ ಕಮಾಂಡು

ಇವತ್ತು ಬೆಳಿಗ್ಗೆ ಕಂಪ್ಯೂಟರ್ ನನ್ನನ್ನು ಗದರಿತು. “ತಾಳಿ ಸಾ, ಮೊದ್ಲು ಫೋಟೋ ಸಣ್ಣದು ಮಾಡಿ” ಎಂದು ಪರದೆ ಮೇಲೆ ಬಂತು. ಎಷ್ಟೋ ವರ್ಷದ ಹಿಂದೆ ನಮ್ಮ ಆಫೀಸಿನಲ್ಲಿದ್ದ ನಾಗರತ್ನ ಬರೆದಿಟ್ಟ ಮಾತು ಅದು.

ನಂಜನಗೂಡಿನಲ್ಲಿ ಟೈಲರ್ ಅಂಗಡಿಯ ಮೇಲೆ ನಮ್ಮ ಆಫೀಸು. ಐದು ಜನ ಸೇರಿ ಅಕ್ಕಿ ಗಿರಣಿ, ಛತ್ರ, ಶಾಲೆಗಳಿಗೆ ವೆಬ್‌ಸೈಟ್ ಮಾಡುತ್ತಿದ್ದೆವು. ಮಾಡಿದ್ದನ್ನು ಇಂಟರ್ನೆಟ್ಟಿನ ಸರ್ವರ್‌ಗೆ ಏರಿಸಲು ಒಬ್ಬೊಬ್ಬರದು ಒಂದೊಂದು ದಾರಿ. ನನ್ನ ದಾರಿಗೆ ಹದಿಮೂರು ಹೆಜ್ಜೆ, ಎಲ್ಲವೂ ನನ್ನ ತಲೆಯಲ್ಲೇ. ನಾನಿಲ್ಲದಿದ್ದರೆ ಆಫೀಸು ನಡೆಯದು ಎಂಬುದು, ಹೇಳಲು ನಾಚಿಕೆ, ನನಗೆ ಬಲು ಇಷ್ಟದ ವಿಚಾರವಾಗಿತ್ತು.

ಒಮ್ಮೆ ನಾನು ತಲಕಾಡಿಗೆ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆ. ಇಲ್ಲಿ ಯಾರೋ ಛತ್ರದ ಪುಟ ಏರಿಸಲು ಹೋಗಿ ಶಾಲೆಯ ಅಡ್ಮಿಷನ್ ಪುಟವನ್ನೇ ಅಳಿಸಿಬಿಟ್ಟರು. ಹಳೆಯ ಪ್ರತಿ ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ. ಅದರ ಪಾಸ್‌ವರ್ಡ್ ನನ್ನ ಹತ್ತಿರ. ನನ್ನ ಫೋನಿಗೆ ಸಿಗ್ನಲ್ ಇಲ್ಲ. ಅರ್ಜಿ ತುಂಬಲಾಗದ ಅಪ್ಪ ಅಮ್ಮಂದಿರು ಶಾಲೆ ಮುಂದೆ ಇಡೀ ದಿನ ನಿಂತರಂತೆ.

ಮರುದಿನ ನಾಗರತ್ನ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಹದಿನಾರು ಎಂಬ ಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ, ಮಾತು ಕಮ್ಮಿಯ ಹೆಂಗಸು.

“ನೀವು ಊರಿಗೋದ್ರೆ ಆಫೀಸೇ ನಿಂತೋಗ್ತದೆ. ಅದು ಎಮ್ಮೆ ಪಡೋ ವಿಷ್ಯ ಅಲ್ಲ ಸಾ. ಒಂದೊಂದೇ ಯೋಳಿ, ಬರ್ಕೊತೀನಿ.”

ಹೇಳಿದೆ. ಹದಿಮೂರರಲ್ಲಿ ಎರಡನ್ನು ಮಾತ್ರ ಬಚ್ಚಿಟ್ಟುಕೊಂಡೆ.

ಊಟದ ಬಿಡುವಿನಲ್ಲೆಲ್ಲ ಅವರು ಎಲ್ಲರ ಪಕ್ಕ ಹೀಗೇ ಕೂತರು. “ಗಿರಾಕಿ ಕೇಳದ ಕೆಲ್ಸ ಯಾಕಮ್ಮಾ?” ಎಂದು ಆಫೀಸಿನ ಯಜಮಾನರು ಗೊಣಗಿದರೂ ಬಿಡಲಿಲ್ಲ. ಎರಡು ತಿಂಗಳಿಗೆ, ಒಮ್ಮೆ ಟೈಪ್ ಮಾಡಿದರೆ ಎಲ್ಲ ಹೆಜ್ಜೆಯನ್ನೂ ತಾನೇ ಇಡುವ ಒಂದೇ ಒಂದು ಕಮಾಂಡ್ ಬಂತು. ಅದು ಹಳೆಯದನ್ನು ಎತ್ತಿಟ್ಟು, ತಪ್ಪಿದ್ದರೆ ನಮ್ಮ ಮಾತಿನಲ್ಲೇ ತಡೆದು, ಆಮೇಲೆ ಪುಟ ಏರಿಸುತ್ತಿತ್ತು. ನಾನು ಬಚ್ಚಿಟ್ಟ ಎರಡು ಹೆಜ್ಜೆಯೂ ಅದರಲ್ಲಿದ್ದವು. ತಾವೇ ಹುಡುಕಿಕೊಂಡಿದ್ದರು.

ಮುಂದೊಂದು ದಿನ ಅದೇ ಶಾಲೆಯ ಪುಟ ಮತ್ತೆ ಅಳಿಸಿಹೋಗಿ, ಎರಡೇ ನಿಮಿಷದಲ್ಲಿ ವಾಪಸ್ ಬಂತು. ಯಜಮಾನರು ಹಿಗ್ಗಿ, “ಯಾರಪ್ಪಾ ಇದ್ನ ಮಾಡಿದ್ದು?” ಎಂದರು. ಹತ್ತಿರದಲ್ಲಿದ್ದವನು ನಾನು.

“ನಾವೆಲ್ಲ ಸೇರಿ ಮಾಡಿದ್ವಿ ಸಾ,” ಎಂದೆ.

ನಾಗರತ್ನ ತಲೆ ಎತ್ತಿ ನನ್ನನ್ನೊಮ್ಮೆ ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದರು. ಆ ವರ್ಷವೇ ತಿ. ನರಸೀಪುರದಲ್ಲಿ ಬೇರೆ ಕೆಲಸ ಹಿಡಿದರು.

ಇವತ್ತು ಮಧ್ಯಾಹ್ನ ಅವರಿಗೆ ಫೋನ್ ಮಾಡಿದೆ. ಕ್ಷೇಮ ಸಮಾಚಾರವಾದ ಮೇಲೆ ಯಜಮಾನರ ಮುಂದೆ ನಾನು ‘ನಾವೆಲ್ಲ’ ಎಂದ ಆ ದಿನದ ಮಾತು ತೆಗೆದೆ.

“ನೆನಪೈತೆ ಸಾ. ಬಸ್ಸಲ್ಲಿ ಊರ್ಗಂಟ ಅಳ್ತಾನೇ ಓಗಿದ್ದೆ,” ಎಂದರು. ಕೋಪದ ದನಿಯಲ್ಲ, ಬಸ್ಸಿನ ಹೊತ್ತು ಹೇಳುವ ದನಿ.

ಕ್ಷಮಿಸಿ ಎಂದೆ. ಅವರು “ಊಂ” ಎಂದರು, ಅಷ್ಟೇ. ಫೋನಿಟ್ಟು ಎದ್ದು, ಯಜಮಾನರ ಕೋಣೆಗೆ ಹೋದೆ. ಈಗ ಅವರಿಗೆ ಕಿವಿ ಮಂದ. ಆ ಕಮಾಂಡ್ ಮಾಡಿದ್ದು ನಾಗರತ್ನ ಒಬ್ಬರೇ ಎಂದು ಎರಡು ಸಲ, ಆಫೀಸಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕಾಯಿತು.